ಮದ್ದಿನ ಬುರುಜಿಗೆ ಉಪ್ಪು

ಜೂನ್ ೨೧, ೧೯೪೮. ಬೀದರ

ಇವತ್ತೂ ಬಂದೂಕಿನ ಮದ್ದು ಸಾಣಿಸಿದ್ದೇ ಕೆಲಸ. ಉಗುರಿನ ಸಂದಿಯ ಕಪ್ಪು ಸೀಗೆಕಾಯಿ ಹಾಕಿ ತಿಕ್ಕಿದರೂ ಹೋಗಲಿಲ್ಲ. ರೊಟ್ಟಿ ತಟ್ಟುವಾಗ ಹಿಟ್ಟಿಗೆಲ್ಲ ಗಂಧಕದ ವಾಸನೆ. ಹಾಗೇ ತಿಂದೆ.

ಮದ್ದು ಇಡುವ ಬುರುಜಿನ ಬಾಗಿಲಲ್ಲಿ ದಿನಾ ಒಂದೇ ಕ್ರಮ. ಚಪ್ಪಲಿ ಹೊರಗೆ. ಕಾಲು ತೊಳೆಯಬೇಕು — ಹಿಮ್ಮಡಿಗೆ ಅಂಟಿದ ಹರಳು ಕಲ್ಲಿಗೆ ಉಜ್ಜಿ ಕಿಡಿ ಹಾರಿದರೆ ಮುಗಿಯಿತು. ಆಮೇಲೆ ಮೈಮೇಲಿನ ಲೋಹವೆಲ್ಲ ತೆಗೆದು ಮಣ್ಣಿನ ಪರಾತದಲ್ಲಿ ಇಡಬೇಕು. ಮೂಗಿನ ಬುಲಾಕು ತೆಗೆಯಲು ಬಿಸ್ಮಿಲ್ಲಾಬೀಯದು ದಿನಾ ಜಗಳ.

"ಜಮಾದಾರ ಸಾಬ್, ಇದರಿಂದ ಬುರುಜು ಹಾರ್ತದೇನ್ರಿ? ಹಂಗಿದ್ದರ ನನ್ನ ಗಂಡ ಯಾವತ್ತೋ ಹಾರಿ ಹೋಗ್ತಿದ್ದ."

"ನಿನ್ನ ಬಾಯಿನೂ ತೆಗೆದು ಪರಾತದಾಗ ಇಡಂಗಿದ್ದರ ಛಲೋ ಇತ್ತು ನೋಡು."

ಹೆಂಗಸರೆಲ್ಲ ನಕ್ಕರು. ನನ್ನ ಸರದಿ. ಕೈ ಬರಿದು, ಕಾಲು ಬರಿದು, ಕೊರಳಲ್ಲಿ ಬಟ್ಟೆಯಲ್ಲಿ ಕಟ್ಟಿದ ಲಿಂಗ ಒಂದೇ. "ಈ ಕಾಂತಾಬಾಯಿ ಕಡಿ ತೆಗಿಯೋದು ಏನೂ ಇಲ್ಲ, ಒಳಗ ಹೋಗಲಿ" ಎಂದ ಜಮಾದಾರ ರಶೀದ ಅಹ್ಮದ. ಒಳ್ಳೆಯ ದನಿಯಲ್ಲಿಯೇ ಅಂದ. ಅದಕ್ಕೇ ಇನ್ನೂ ಉರಿಯುತ್ತಿದೆ. ತೆಗೆಯಲು ಏನೂ ಉಳಿಯದಂತೆ ಮಾಡಿದವರು ಯಾರು, ರಶೀದ ಅಹ್ಮದ?

ಸಂತಪುರದ ಸಂತೆಯಲ್ಲಿ ನನ್ನ ಯಜಮಾನರಿಗೆ ಗುಂಡು ಹೊಡೆದವನ ಮುಖ ನಾನು ನೋಡಿಲ್ಲ. ರಜಾಕಾರರು ಲಾರಿಯಲ್ಲಿ ಬಂದರು, ಹೊಡೆದರು, ಹೋದರು. ಆ ಬಂದೂಕಿಗೆ ಮದ್ದು ತೂಗಿ ಕೊಟ್ಟವನ ಮುಖ ಮಾತ್ರ ದಿನಾ ನೋಡುತ್ತೇನೆ.

ಜೂನ್ ೨೪

ಅಂಗಳದಲ್ಲಿ ಹರಡಿದ್ದ ಮದ್ದಿಗೆ ಮಳೆ ಹನಿ ಬಿತ್ತು. ಓಡಿ ಓಡಿ ಒಳಗೆ ಸೇರಿಸಿದೆವು. ಹಳೆಯ ಮದ್ದನ್ನು ಚೀಲದಿಂದ ತೆಗೆದು ಚರ್ಮದ ಹಾಸಿನ ಮೇಲೆ ಬಿಸಿಲಿಗೆ ಹಾಕುವುದು, ಮರದ ಕೊಡತಿಯಿಂದ ಹೆಂಟೆ ಒಡೆಯುವುದು, ಸಾಣಿಸುವುದು — ಇಷ್ಟೇ ಕೆಲಸ. ಜೋಳ ಹಸನು ಮಾಡಿದ ಕೈಗೆ ಹೊಸದೇನಲ್ಲ.

ಯೂನಿಯನ್ ಸರ್ಕಾರ ಗಡಿಯಲ್ಲಿ ಕಾಡತೂಸು ತಡೆದ ಮೇಲೆ ಅಟ್ಟದ ಮೇಲಿನ ಹಳೆ ಬಂದೂಕುಗಳೆಲ್ಲ ಕೆಳಗಿಳಿದವು. ನಳಿಗೆಗೆ ಮದ್ದು ತುಂಬಿ ಹೊಡೆಯುವಂಥವು. ಎಷ್ಟೋ ವರ್ಷ ಮುಚ್ಚಿದ್ದ ಬುರುಜು ಅದಕ್ಕೇ ತೆರೆದದ್ದು.

ಹೊಟ್ಟೆಪಾಡಿಗೆ ಈ ಕೆಲಸಕ್ಕೆ ಸೇರಿದೆ ಎಂದು ಬಿಸ್ಮಿಲ್ಲಾಬೀ ತಿಳಿದಿದ್ದಾಳೆ. ಗೋಡೆಗೆ ಗೋಡೆ ಹತ್ತಿದ ಮನೆ ಅವಳದು. ಅವಳೇ ಮಾತಾಡಿ ಕೆಲಸ ಕೊಡಿಸಿದಳು. ಹೊಟ್ಟೆ ಹೇಗೋ ತುಂಬುತ್ತಿತ್ತು. ಬುರುಜಿನ ಒಳಗೆ ಕಾಲಿಡಬೇಕಿತ್ತು, ಅದಕ್ಕೆ ಬಂದೆ. ಬಂದು ಏನು ಮಾಡಬೇಕೆಂದು ಮಾತ್ರ ಇನ್ನೂ ಹೊಳೆದಿಲ್ಲ. ಕಡ್ಡಿ ಪೆಟ್ಟಿಗೆ ಒಯ್ಯಬಹುದು... ಆದರೆ ಅಂಗಳದಲ್ಲಿ ಬಿಸ್ಮಿಲ್ಲಾಬೀ ಇರುತ್ತಾಳೆ, ಉಳಿದ ಹೆಂಗಸರಿರುತ್ತಾರೆ.

ತಮ್ಮ ಮಡೆಪ್ಪ ಗಡಿಯಾಚೆ ಕಾಂಗ್ರೆಸಿನವರ ಕ್ಯಾಂಪಿನಲ್ಲಿದ್ದಾನೆ. ನನ್ನವರೆಂದು ಉಳಿದವನು ಅವನೊಬ್ಬ. ಹೋಗುವಾಗ, "ಅಕ್ಕಾ, ಮಾವನ ಸಾವಿನ ಸೇಡು ನಾ ತೀರಸ್ತೇನಿ, ನೀ ಸುಮ್ಮ ಕೂಡು" ಎಂದಿದ್ದ. ಸುಮ್ಮನೆ ಕೂಡುವುದು ನನಗೆ ಬರುವುದಿಲ್ಲ ತಮ್ಮಾ. ಬರುವುದೆಂದು ಎಲ್ಲರೂ ತಿಳಿದಿದ್ದಾರೆ, ಅಷ್ಟೇ.

ಜುಲೈ ೨

ಮೂರು ದಿನದ ಜಿಟಿಜಿಟಿ. ಒಲೆಯ ಹತ್ತಿರ ಇಟ್ಟ ಉಪ್ಪಿನ ಗಡಿಗೆ ಬೆವರಿ ತಳಕ್ಕೆ ನೀರು ನಿಂತಿದೆ. ಕಲ್ಲುಪ್ಪು ಮಳೆಗಾಲದಲ್ಲಿ ಹೀಗೇ. ಎಷ್ಟು ಮುಚ್ಚಿಟ್ಟರೂ ಗಾಳಿಯ ನೀರು ಕುಡಿಯುತ್ತದೆ.

ಗಡಿಗೆ ನೋಡುತ್ತ ಕೂತೆ. ಸಾರು ಕುದಿದು ಉಕ್ಕಿ ಒಲೆ ಆರಿತು. ಮತ್ತೆ ಹಚ್ಚಲಿಲ್ಲ.

ಉಪ್ಪಿಗೆ ಬೆಂಕಿ ಬೇಕಿಲ್ಲ.

ಜುಲೈ ೩

ಹಾಕಿದೆ.

ಒಯ್ದದ್ದು ಲಿಂಗದ ಬಟ್ಟೆಯಲ್ಲಿ. ಕೆಲಸಕ್ಕೆ ಸೇರಿದ ದಿನ ಜಮಾದಾರನೇ ಹೇಳಿದ್ದ: "ಬೆಳ್ಳಿ ಕರಡಿಗಿ ಮನ್ಯಾಗ ಇಟ್ಟು ಬಾ ಬಾಯಿ. ಅರಿವ್ಯಾಗ ಕಟ್ಟಿಕೊಂಡಿದ್ದರ ಸಾಕು. ಅದಕ್ಕ ನಾ ಕೈ ಹಚ್ಚಂಗಿಲ್ಲ." ಉಳಿದವರ ಸೆರಗಿನ ಗಂಟು, ಎಲೆ-ಅಡಿಕೆ ಚೀಲ ಎಲ್ಲ ಬಿಚ್ಚಿ ತೋರಿಸಬೇಕು. ನನ್ನ ಕೊರಳ ಕಡೆ ಅವನು ನೋಡುವುದೂ ಇಲ್ಲ. ಅವನ ಆ ಮರ್ಯಾದೆಯ ಒಳಗೇ ಉಪ್ಪು ಇಟ್ಟೆ. ಕುಟ್ಟಿ ಹಿಟ್ಟು ಮಾಡಿದ ಉಪ್ಪು, ಒಂದು ಹಿಡಿ. ಸಾಣಿಸುತ್ತ ಸಾಣಿಸುತ್ತ ಬೆರೆಸಿದೆ. ಕಪ್ಪಿನಲ್ಲಿ ಬಿಳಿ ಒಂದು ಗಳಿಗೆಯಲ್ಲಿ ಮಾಯ.

ಪೂಜೆಗೆ ಕೂತಾಗ ಅಂಗೈ ಮೇಲಿನ ಲಿಂಗಕ್ಕೆ ಉಪ್ಪಿನ ಪುಡಿ ಅಂಟಿತ್ತು. ತೊಳೆದೆ. ಬೇಡಿಕೊಳ್ಳಲು ಬಾಯಿ ಬರಲಿಲ್ಲ. ನಾಳೆ ಇನ್ನೊಂದು ಹಿಡಿ.

ಜುಲೈ ೧೯

ಬಿಸ್ಮಿಲ್ಲಾಬೀ ಸುದ್ದಿ ತಂದಳು. ಔರಾದ ಕಡೆಯ ಒಂದು ಹಳ್ಳಿಗೆ ರಜಾಕಾರರು ಹೋದರಂತೆ. ಬಂದೂಕು ಎತ್ತಿದರಂತೆ.

"ಠುಸ್! ಹಸಿ ಕಟಗಿ ಹೊಗಿ ಬಂದಂಗ ಹೊಗಿ ಬಂತಂತ. ಕುರುಬರ ಹೆಂಗಸರು ಬಡಿಗಿ ತೊಗೊಂಡು ಬೆನ್ನ ಹತ್ಯಾರ. ಇಬ್ಬರು ಪಾಯಜಾಮ ಹರಕೊಂಡು ಓಡ್ಯಾರ!"

"ಹೌದಾ" ಎಂದೆ, ಅಷ್ಟೇ. ಮನೆಗೆ ಬಂದು ಬಾಗಿಲು ಹಾಕಿಕೊಂಡು ನಕ್ಕೆ. ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ಬೆಲ್ಲದ ಹೆಂಟೆ ಒಡೆದು ತಿಂದೆ. ಯಜಮಾನರು ಹೋದ ಮೇಲೆ ನಾಲಿಗೆಗೆ ಸಿಹಿ ತಾಗಿದ್ದು ಇದೇ ಮೊದಲು.

ಜುಲೈ ೨೮

ಪೊಲೀಸ್ ಅಮೀನ ಬಂದಿದ್ದ. ಎಲ್ಲರ ಎದುರಿಗೆ ರಶೀದ ಅಹ್ಮದನ ಕಪಾಳಕ್ಕೆ ಹೊಡೆದ. "ಮದ್ದು ಕೊಡ್ತೀಯೋ ಬೂದಿ ಕೊಡ್ತೀಯೋ?" ಅವನ ಟೋಪಿ ಉರುಳಿ ನನ್ನ ಕಾಲ ಹತ್ತಿರ ಬಿತ್ತು. ಎತ್ತಿ ಕೊಡಲಿಲ್ಲ. ಬಿಸ್ಮಿಲ್ಲಾಬೀ ಕೊಟ್ಟಳು.

ಅಮೀನ ಹೋದ ಮೇಲೆ ಜಮಾದಾರ ಚಿಟಿಕೆ ಮದ್ದನ್ನು ಬಹಳ ದೂರ ಒಯ್ದು ಕಲ್ಲಿನ ಮೇಲಿಟ್ಟು ಹಚ್ಚಿ ನೋಡಿದ. ಒಳ್ಳೆಯ ಮದ್ದು ಭಗ್ಗೆಂದು ಹೋಗಿ ಕಲ್ಲು ಸ್ವಚ್ಛ ಉಳಿಯುತ್ತದೆ. ಇದು ಚಿಟಚಿಟ ಅಂದು ಮುತ್ತಿನಂಥ ಹರಳು ಉಳಿಸಿತು. ಎಷ್ಟೋ ಹೊತ್ತು ಕುಕ್ಕರುಗಾಲಲ್ಲಿ ಕೂತು ಅದನ್ನೇ ನೋಡಿದ.

"ಛತ್ತು ಸೋರಲಿಕ್ಕತ್ತದ" ಎಂದ ಕೊನೆಗೆ. "ಮತ್ತೇನೂ ಅಲ್ಲ. ನಮ್ಮ ಹೆಣ್ಣುಮಕ್ಕಳು ಹಸನಾಗೇ ಸಾಣಸ್ತಾರ."

ಸುಣ್ಣಕ್ಕೆ ಬೆಲ್ಲ, ಬೇಲದ ಹಣ್ಣಿನ ನೀರು ಕಲೆಸಿ ತಾನೇ ಬುರುಜಿನ ಮಾಳಿಗೆ ಹತ್ತಿ ಗಾರೆ ಮೆತ್ತಿದ. ಮುದುಕ ಗೋಡೆ ಹಿಡಿದು ಹಿಡಿದು ಹತ್ತಿದ. ಕೆಳಗಿನಿಂದ ಗಾರೆಯ ಬುಟ್ಟಿ ಎತ್ತಿ ಕೊಟ್ಟವಳು ನಾನು. ಕೊಡುತ್ತ ಕೊಡುತ್ತ ಅಂದುಕೊಂಡೆ — ಮೆತ್ತು, ಇನ್ನಷ್ಟು ಮೆತ್ತು. ಅಮೀನ ಮತ್ತೆ ಬರಲಿ.

ಆಗಸ್ಟ್ ೧೧, ಸಂಜೆ

ಭಾಲ್ಕಿ ದಾರಿಯಲ್ಲಿ ಮದ್ದಿನ ಗಾಡಿ ಲೂಟಿಯಾಯಿತಂತೆ. ಗಡಿಯಾಚೆಯ ಕ್ಯಾಂಪಿನವರು. ಎತ್ತು ಬಿಟ್ಟು ಚೀಲ ಹೊತ್ತುಕೊಂಡು ಹೋಗಿದ್ದಾರೆ.

ಕೇಳಿದ ಕೂಡಲೇ ಖುಷಿಯಾಯಿತು. ನಮ್ಮವರಿಗೆ ಸಿಕ್ಕಿತಲ್ಲ! ಸಾಣಿಗೆ ಅಲ್ಲಾಡಿಸುತ್ತಲೇ ಇದ್ದೆ. ಆಮೇಲೆ ಕೈ ನಿಂತಿತು.

ಆ ಚೀಲಗಳಿಗೆ ಮದ್ದು ಸಾಣಿಸಿದವಳು ನಾನೇ.

ಆಗಸ್ಟ್ ೧೨

ಬೆಳಗಿನ ರೈಲಿಗೆ ಭಾಲ್ಕಿಗೆ ಹೋಗಿ ಬಂದೆ. ಮಡೆಪ್ಪನ ಗೆಳೆಯ ಪಂಢರಿಯ ತಾಯಿ ಸಖುಬಾಯಿ ಸ್ಟೇಷನ್ ಹತ್ತಿರ ಚುರುಮುರಿ ಮಾರುತ್ತಾಳೆ. ಕ್ಯಾಂಪಿಗೆ ಮಾತು ಮುಟ್ಟುವುದು ಅವಳಿಂದಲೇ ಎಂದು ಗೊತ್ತಿತ್ತು. ಪಕ್ಕದಲ್ಲೇ ಪೊಲೀಸಿನವನು ನಿಂತು ಚುರುಮುರಿ ತಿನ್ನುತ್ತಿದ್ದ. ಅವನು ಹೋಗುವ ತನಕ ಕಾದೆ.

"ಸಖುಬಾಯಿ, ನಮ್ಮ ಮಡೆಪ್ಪಗ ಹೇಳಿ ಕಳಸ್ರಿ. ಗಾಡಿದು ಮದ್ದು ಛಲೋ ಇಲ್ಲ. ಅದರ ಮ್ಯಾಲ ಭರೋಸಾ ಇಡಬ್ಯಾಡ ಅನ್ರಿ."

"ಯಾಕವಾ, ಏನಾಗ್ಯಾದ ಅದಕ್ಕ?"

ಅವಳ ಕಣ್ಣು ನನ್ನ ಮೇಲೇ ಇತ್ತು. ಹೇಳಬೇಕಿತ್ತು. ಬುರುಜಿನ ಹೆಂಗಸು ಮದ್ದಿಗೆ ಉಪ್ಪು ಬೆರೆಸುತ್ತಾಳೆ ಎಂಬ ಮಾತು ಈ ಸ್ಟೇಷನ್ನಿನಲ್ಲಿ ಬಾಯಿಂದ ಬಾಯಿಗೆ ಹೋದರೆ ನಾಳೆ ನನ್ನ ಕುತ್ತಿಗೆ. ಕುತ್ತಿಗೆ ಹೋದರೆ ಹೋಗಲಿ, ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ರಶೀದ ಅಹ್ಮದ ಉಳಿದುಬಿಡುತ್ತಾನೆ.

"ಹಸಿ ಆಗ್ಯಾದ್ರಿ" ಎಂದೆ. "ಛತ್ತು ಸೋರಿ ಹಸಿ ಆಗ್ಯಾದ."

"ಇಷ್ಟೇನಾ! ಮುಟ್ಟಸ್ತೇನಿ ತಗೋ" ಎಂದು ಒಂದು ಹಿಡಿ ಚುರುಮುರಿ ಸೆರಗಿಗೆ ಹಾಕಿದಳು.

ಮಾತು ಮುಟ್ಟಿದರೆ ಸಾಕು. ಮುಟ್ಟುತ್ತದೆ.

ಆಗಸ್ಟ್ ೨೯

ಮಡೆಪ್ಪ ತೀರಿಹೋದ.

ಸೆಪ್ಟೆಂಬರ್ ೧೯

ಇಷ್ಟು ದಿನ ಬರೆದಿಲ್ಲ. ಯೂನಿಯನ್ ಫೌಜು ಬೀದರಿಗೆ ಬಂದಿದೆ. ಆಕಾಶದಲ್ಲಿ ವಿಮಾನ, ರಸ್ತೆಯಲ್ಲಿ ಲಾರಿ. ಕೆಲವರು ಮೂರು ಬಣ್ಣದ ಬಾವುಟ ಹಿಡಿದು ಕುಣಿದರು. ರಜಾಕಾರರು ಅಂಗಿ ಸುಟ್ಟು ಎಲ್ಲೆಲ್ಲೋ ಹೋದರು. ಅವರು ಹೋದರು, ಅವರ ಜಾತಿಯ ಬಡವರು ಉಳಿದರು. ಹಳ್ಳಿಗಳಿಂದ ಕೆಟ್ಟ ಸುದ್ದಿ ಬರುತ್ತಿದೆ. ಬಿಸ್ಮಿಲ್ಲಾಬೀ ಬುಲಾಕು ಹಾಕುವುದನ್ನು ಬಿಟ್ಟು ನನ್ನ ಮನೆಯಲ್ಲೇ ಮಲಗುತ್ತಾಳೆ. ಅವಳ ಗಂಡನನ್ನು ಅಟ್ಟದ ಮೇಲೆ ಹತ್ತಿಸಿದ್ದೇವೆ.

ರಶೀದ ಅಹ್ಮದ ಓಡಿ ಹೋಗಿಲ್ಲ. ಬುರುಜಿನೊಳಗೆ ಸೇರಿ ಅಗಳಿ ಹಾಕಿಕೊಂಡಿದ್ದಾನೆ. ಮದ್ದು ಇಟ್ಟ ಜಾಗವನ್ನು ಹಾಗೆ ಬಿಟ್ಟು ಹೋಗುವಂತಿಲ್ಲವಂತೆ. ಹೊಸ ಸರ್ಕಾರದವರು ಬಂದು ರಸೀದಿ ಕೊಟ್ಟರೆ ಬೀಗ ಒಪ್ಪಿಸುತ್ತಾನಂತೆ. ಬುರುಜು ಹಳೆ ಗೋಡೆಯ ತುದಿಗೆ, ಕೋಟೆಯಿಂದ ದೂರ. ಫೌಜಿನವರು ಆ ಕಡೆ ಇನ್ನೂ ತಲೆ ಹಾಕಿಲ್ಲ. ಬಿಸ್ಮಿಲ್ಲಾಬೀ ಗಾಳಿಕಿಂಡಿಯಿಂದ ರೊಟ್ಟಿ ಕೊಟ್ಟು ಬರುತ್ತಾಳೆ.

ಸೆಪ್ಟೆಂಬರ್ ೨೧

ಪಂಢರಿ ಬಂದ. ಕ್ಯಾಂಪು ಬಿಟ್ಟು ಬಂದಿದ್ದಾನೆ. ಗಡ್ಡ, ಸೊಂಟಕ್ಕೆ ಕತ್ತಿ. ಮಡೆಪ್ಪನ ರುಮಾಲು ತಂದು ಕೊಟ್ಟ. ಗಡಿಯಾಚೆಯೇ ಮಣ್ಣು ಮಾಡಿದರಂತೆ. ಸ್ವಾಮಿಗಳು ಸಿಕ್ಕರಂತೆ, ವಿಭೂತಿ ಇಟ್ಟರಂತೆ.

"ಹ್ಯಾಂಗಾತು?" ಎಂದು ಕೇಳಿದೆ. ಕೇಳದೆ ಇರಲಾಗಲಿಲ್ಲ.

"ಬೆಳಗಿನ ಜಾವ ಚೌಕಿ ಹಿಡಿಯೋದಿತ್ತಕ್ಕ. ಮಡೆಪ್ಪ ಎಲ್ಲಾರಕಿಂತ ಮುಂದ. ಹೊಡೀರಿ ಅಂದ. ಒಂದು ಬಂದೂಕೂ ಹಾರಲಿಲ್ಲ. ಅವರ ಕಡಿ ಸರ್ಕಾರಿ ಬಂದೂಕ ಇದ್ದವು."

"ನಾ ಹೇಳಿ ಕಳಿಸಿದ್ದೆನಲ್ಲೋ."

"ಹಸಿ ಆಗ್ಯಾದ ಅಂದಿದ್ದಿ. ಅದಕ್ಕ ಮಡೆಪ್ಪ ಅಂದ, ನಮ್ಮಕ್ಕ ಬುರುಜಿನಾಗ ಕೆಲಸ ಮಾಡ್ತಾಳ, ಆಕಿ ಮಾತು ಖರೇ ಇರ್ತದ, ಒಣಗಿಸ್ರಿ ಅಂತ. ಎರಡು ದಿನ ಬಿಸಲಿಗಿ ಹಾಕಿದ್ವಿ. ಹಚ್ಚಿ ನೋಡಿದ್ರ ಭಗ್ ಅಂತು. ಮಡೆಪ್ಪ ಕುಣದಾಡಿಬಿಟ್ಟ! ರಾತ್ರಿ ತಂಪು ಗಾಳಿ ಬಿಡ್ತು. ಬೆಳಗಾಗೋದ್ರಾಗ ಮತ್ತ ರಾಡಿ. ಒಮ್ಮಿ ಒಣಗಿಸಿದ ಮದ್ದು ಹಂಗ ಆಗಂಗಿಲ್ಲಕ್ಕ. ಅದರಾಗ ಏನೋ ಬೆರಿಸ್ಯಾರ."

ಒಲೆಯ ಕಡೆ ತಿರುಗಿ ಕೂತೆ.

"ಆ ಜಮಾದಾರಂದೇ ಕೆಲಸ. ನಾವು ಲೂಟಿ ಮಾಡ್ತೇವಂತ ಗೊತ್ತಿಟ್ಟುಕೊಂಡು ಕೆಟ್ಟ ಮದ್ದು ಗಾಡಿಗಿ ಏರಿಸ್ಯಾನ. ಬಾಗಿಲಕ್ಕ ಕೊಡಲಿ ಹಚ್ಚಲಿಕ್ಕಿ ಬರಂಗಿಲ್ಲ, ಕಬ್ಬಣದ ಕಿಡಿ ಹಾರಿದರ ನಾವೂ ಹೋಗ್ತೇವಿ. ನೀ ಕರೆದರ ತಗೀತಾನ. ನಿನ್ನ ದನಿ ಗುರ್ತದ ಅವಂಗ. ನಾಡದ ಮುಂಜಾನಿ ಬರ್ತೇನಿ, ಭಾಲ್ಕಿ ಮಂದಿನ ಕರಕೊಂಡು. ಮಾವಂದು, ಮಡೆಪ್ಪಂದು, ಇಬ್ಬರ ಸೇಡೂ ಒಮ್ಮೆಲೆ ತೀರ್ತದ ಅಕ್ಕಾ."

ಬಯಸಿದ್ದೆಲ್ಲ ನಡೆದು ಬಂದು ಮನೆ ಬಾಗಿಲಲ್ಲಿ ಕೂತಿದೆ. ನಾನು ಒಂದು ಸಲ ಕೂಗಿದರೆ ಸಾಕು.

ಸೆಪ್ಟೆಂಬರ್ ೨೨, ಮಧ್ಯಾಹ್ನ

ಬಿಸ್ಮಿಲ್ಲಾಬೀ ರೊಟ್ಟಿ ಒಯ್ಯುವಾಗ ಜೊತೆಗೆ ಹೋದೆ. ಬುರುಜಿನ ಗಾಳಿಕಿಂಡಿ ಗೋಡೆಯೊಳಗೇ ಬಾಗಿ ಹೋಗುತ್ತದೆ, ಹೊರಗಿನ ಕಿಡಿ ನೇರ ಒಳಗೆ ಬೀಳಬಾರದೆಂದು. ದನಿ ಬರುತ್ತದೆ, ಮುಖ ಕಾಣುವುದಿಲ್ಲ.

"ಜಮಾದಾರ ಸಾಹೇಬರ, ನಾ ಕಾಂತಾಬಾಯಿ."

"ಮಳಿ ಒಳಗ ಬರಲಿಲ್ಲ ನೋಡು ಬಾಯಿ. ಮದ್ದು ಒಣಾ ಅದ. ಈ ಸಲ ಗಾರಿ ಹಿಡೀತು."

"ಗಾರಿ ಹಿಡಿಲಿಲ್ಲರಿ. ನಾ ಉಪ್ಪು ಹಾಕೋದು ಬಿಟ್ಟೀನಿ."

ಪಕ್ಕದಲ್ಲಿದ್ದ ಬಿಸ್ಮಿಲ್ಲಾಬೀ ನನ್ನ ರಟ್ಟೆ ಹಿಡಿದಳು. ಒಳಗಿನ ದನಿ ಕಿಂಡಿಗೆ ಹತ್ತಿರ ಬಂತು:

"ಹ್ಯಾಂಗ ತಂದಿ? ಬಾಗಿಲದಾಗ ನಾನೇ ಇರ್ತಿದ್ದೆನಲ್ಲ."

"ಲಿಂಗದ ಅರಿವ್ಯಾಗ."

"ಅದಕ್ಕ ನಾ ಕೈ ಹಚ್ಚಲಿಲ್ಲ."

"ಹಚ್ಚಂಗಿಲ್ಲ ಅಂತ ಗೊತ್ತಿತ್ತರಿ. ಅದಕ್ಕ ಅಲ್ಲಿ ಇಟ್ಟೆ."

"ನಾ ನಿನಗ ಏನು ಮಾಡಿದ್ದೆ ಬಾಯಿ?"

"ಸಂತಪುರದ ಸಂತ್ಯಾಗ ಸತ್ತ ಹಾವಗೆಪ್ಪ ನನ್ನ ಗಂಡ."

ಮದುವೆಯಾದ ಮೇಲೆ ಅವರ ಹೆಸರು ನನ್ನ ಬಾಯಿಂದ ಬಂದದ್ದು ಇದೇ ಮೊದಲು. ಕಿಂಡಿಗೆ ಬಾಯಿ ಹಚ್ಚಿ ಕೇಳಿದೆ:

"ಆ ದಿನ ಮದ್ದು ತೂಗಿ ಕೊಡಾಗ, ಅದು ಎಲ್ಲಿಗಿ ಹೊಂಟದಂತ ನಿಮಗ ಗೊತ್ತಿತ್ತೇನ್ರಿ?"

ಇಲ್ಲ ಅನ್ನಬಹುದಿತ್ತು. ಅನ್ನುತ್ತಾನೆ ಎಂದು ಹಲ್ಲು ಕಚ್ಚಿ ನಿಂತಿದ್ದೆ.

"ಗೊತ್ತಿತ್ತು" ಎಂದ. "ಸಂತಪುರ ಸಂತಿಗಿ ಅಂದಿದ್ದರು. ಬರೇ ಹೆದರಸಲಿಕ್ಕಿ ಅಂದರು. ನಾ ಖರೇ ಅಂತ ತಿಳೀಲಿಲ್ಲ, ಸುಳ್ಳು ಅಂತನೂ ಹೇಳಲಿಲ್ಲ. ತೂಗಿದೆ. ರಸೀದಿ ತೊಗೊಂಡೆ."

ಗೋಡೆಗೆ ಕೈ ಊರಿದೆ. ಬಿಸಿಲಿಗೆ ಕಾದ ಕಲ್ಲು. ಅಂಗೈ ಸುಟ್ಟರೂ ತೆಗೆಯಲಿಲ್ಲ.

"ನಾಳೆ ಮಂದಿ ಬರ್ತಾರ. ನನ್ನ ಕಡಿಂದ ನಿಮ್ಮನ್ನ ಕೂಗಸ್ತಾರ."

"ಬ್ಯಾರೆಯವರು ಕೂಗಿದರ ತಗಿಯಂಗಿಲ್ಲ. ನೀ ಕೂಗಿದರ ತಗೀತೇನಿ."

"ಯಾಕ?"

"ನೀ ಕೇಳಿದ್ದಿ, ನಾ ಹೇಳೀನಿ. ಇನ್ನ ನಿನ್ನ ಹುಕುಂ."

ಬರುವಾಗ ಬಿಸ್ಮಿಲ್ಲಾಬೀ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ಮನೆ ಹೊಸ್ತಿಲಲ್ಲಿ ಕೇಳಿದೆ: "ಅವ ಅಂದಿದ್ದು ಕೇಳಿದೆಲ್ಲ? ಹೊಸ ಸರ್ಕಾರದ ಕಚೇರ್ಯಾಗ ಹೇಳ್ತಿ?"

"ಹೇಳ್ತೇನಿ. ಆದರ ನಿಂದೂ ಹೇಳ್ತೇನಿ, ಕಾಂತಾಬಾಯಿ. ಎರಡೂ ಹೇಳ್ತೇನಿ."

ಸೆಪ್ಟೆಂಬರ್ ೨೩, ಬೆಳಿಗ್ಗೆ

ಪಂಢರಿ ಬಂದಿದ್ದಾನೆ. ಭಾಲ್ಕಿಯ ಇನ್ನೂ ನಾಲ್ವರು. ಕಟ್ಟೆಯ ಮೇಲೆ ಬೀಡಿ ಸೇದುತ್ತ ಕೂತಿದ್ದಾರೆ. ಚಹಾ ಕುಡಿದು ಹೋಗೋಣ ಎಂದಿದ್ದೇನೆ. ಬುರುಜಿನ ಹತ್ತಿರ ಬೀಡಿ ನಡೆಯುವುದಿಲ್ಲ ಎಂದರೆ ಒಬ್ಬ ನಕ್ಕ — "ಜಮಾದಾರನಕಿಂತ ನೀವೇ ಬಿಗಿ ಇದ್ದೀರಿ ನೋಡ್ರಿ ಅಕ್ಕೋರ."

ಬಿಸ್ಮಿಲ್ಲಾಬೀ ಹಿಂದಿನ ಬಾಗಿಲಿಂದ ಬೇಗನೆ ಹೋದಳು. ನನ್ನ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿಸಿಕೊಂಡು. ಕೋಟೆ ಬಾಗಿಲಲ್ಲಿರುವ ಫೌಜಿನವರನ್ನು ಬುರುಜಿಗೆ ಕರೆತರಲು. ಬರುತ್ತಾರೋ ಇಲ್ಲವೋ. ಅಲ್ಲಿಯ ತನಕ ಇವರನ್ನು ಇಲ್ಲಿ ಹಿಡಿಯಬೇಕು.

ಕ್ಷಮೆ ಅಲ್ಲ ಇದು. ರಾತ್ರಿಯೆಲ್ಲ ಹುಡುಕಿದೆ, ಎದೆಯಲ್ಲಿ ಎಲ್ಲಿಯೂ ಅದು ಸಿಗಲಿಲ್ಲ. ಅವನ ಮೇಲಿನ ಸಿಟ್ಟು ನಿನ್ನೆಗಿಂತ ಇ‍ವತ್ತು ಹೆಚ್ಚು. ಗೊತ್ತಿದ್ದೂ ತೂಗಿದ. ಆದರೆ ಇವರು ಅವನನ್ನು ಕಡಿಯುವುದು ಮಡೆಪ್ಪನ ಹೆಸರಿನಲ್ಲಿ. ಅದು ಅವನು ಮಾಡಿದ್ದಲ್ಲ. ಮಾಡದ ತಪ್ಪಿಗೆ ಸತ್ತರೆ ನಾಳೆ ಊರು ಅವನನ್ನು ಪಾಪದ ಮುದುಕ ಅನ್ನುತ್ತದೆ. ಸಂತಪುರದ ಸಂತೆ ಅವನ ಜೊತೆಗೇ ಮಣ್ಣಾಗುತ್ತದೆ. ನಾನು ಬಿಡುವುದಿಲ್ಲ. ಅವನು ಬದುಕಬೇಕು. ಕಚೇರಿಯಲ್ಲಿ ನಿಲ್ಲಬೇಕು. ಗೋಡೆಯ ಹಿಂದಿನಿಂದ ಹೇಳಿದ್ದನ್ನು ಮುಖ ತೋರಿಸಿ ಹೇಳಬೇಕು, ನನ್ನ ಗಂಡನ ಹೆಸರು ಹಿಡಿದು. ಆಮೇಲೆ ಸರ್ಕಾರ ಅವನನ್ನು ಏನು ಬೇಕಾದರೂ ಮಾಡಲಿ.

ಹಾಗೆ ಆಗಬೇಕಾದರೆ ಮಡೆಪ್ಪನ ಸಾವು ಯಾರಿಂದ ಆಯಿತೋ ಅವರ ತಲೆಗೇ ಬರಬೇಕು. ಬುರುಜಿನ ತನಕ ಹೋಗುವುದೇ ಬೇಡ. ಇಲ್ಲೇ ಕಟ್ಟೆಯ ಮೇಲೆ, ಐವರ ಎದುರಿಗೆ ಹೇಳುತ್ತೇನೆ. ಪಂಢರಿಯ ಸೊಂಟದ ಕತ್ತಿ ಯಾವ ಕಡೆ ತಿರುಗುತ್ತದೋ ತಿರುಗಲಿ.

ಚಹಾದ ಬಸಿಗಳು ಖಾಲಿಯಾದವು. ಏಳುತ್ತಿದ್ದಾರೆ. "ನಡಿ ಅಕ್ಕಾ, ಹೊತ್ತಾತು" ಎನ್ನುತ್ತಿದ್ದಾನೆ. ಬಂದೆ ಎಂದೆ. ಮೊದಲ ಮಾತು ಸರಿಯಾಗಿ ಬರಬೇಕು, ನಡುವೆ ಅಳು ಬರಬಾರದು. ಹೀಗೆ ಅನ್ನುತ್ತೇನೆ — ಪಂಢರೀ, ಕೂಡು. ಕತ್ತಿ ಕೆಳಗ ಇಡು. ಆ ಮದ್ದಿಗಿ ಉಪ್ಪು ಬೆರೆಸಿದಾಕಿ ನಾನೇ.